ಪಟ್ಟಿಯಲ್ಲಿ ಇಲ್ಲದವರು



ನಿಮ್ಮಲ್ಲಿ ಕೆಲವರು ಭಾನುವಾರ ಬೆಳಗಿನ ಜಾವ, ಹಾಲಿನವನು ಬರುವುದಕ್ಕೂ ಮೊದಲೇ, ಹೆಲ್ಮೆಟ್ ಧರಿಸಿ ಸೈಕಲ್ ಏರಿ ಹೊರಟುಬಿಡುತ್ತೀರೆಂಬುದು ನನಗೆ ಗೊತ್ತು. ನಿಮ್ಮ ತಂದೆ ತಾಯಂದಿರು ಸಂಘದ ಕಾರ್ಯಕ್ರಮಗಳಲ್ಲಿ ಇದರ ಬಗ್ಗೆ ದೂರುವುದನ್ನೂ ಕೇಳಿದ್ದೇನೆ. "ನಾವು ಊರಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು, ಒಳಪೆಡಲ್ ಹೊಡೆದು ಕಲಿತವರು. ಇವನ ಸೈಕಲ್ಲಿಗೆ ನನ್ನ ಎರಡು ತಿಂಗಳ ಸಂಬಳ!" ಎಂದು ಒಬ್ಬರು ಶುರು ಮಾಡಿದರೆ ಉಳಿದವರು ತಲೆಯಾಡಿಸುತ್ತಾರೆ. ಇರಲಿ. ನಾನು ದೂರುವವರ ಪೈಕಿ ಅಲ್ಲ. ಐವತ್ತು ದಾಟಿದ್ದರೂ ನನಗೂ ಅದೇ ಹುಚ್ಚು.

ಈ ಲೇಖನಕ್ಕೆ ಕಾರಣನಾದವನು ನಮ್ಮ ಕಟ್ಟಡದ ಒಬ್ಬ ಹುಡುಗ. ಅವನ ಕೋಣೆಯ ಗೋಡೆಯ ಮೇಲೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಆಳೆತ್ತರದ ಚಿತ್ರವಿತ್ತು. ಕ್ಯಾನ್ಸರಿನಿಂದ ಬದುಕಿ ಬಂದು, 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ದ ಫ್ರಾನ್ಸ್ ಗೆದ್ದ ವೀರ! ಹದಿನೈದರ ಹುಡುಗನಿಗೆ ಇದಕ್ಕಿಂತ ದೊಡ್ಡ ದೇವರು ಬೇಕೇ? ಆದರೆ 2012ರಲ್ಲಿ ಉದ್ದೀಪನ ಮದ್ದಿನ ಕಥೆಯೆಲ್ಲ ಬಯಲಾಗಿ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡರು. ಮರುವರ್ಷದ ಜನವರಿಯಲ್ಲಿ ಆತನೇ ಟಿ.ವಿ. ಎದುರು ಕುಳಿತು ಒಪ್ಪಿಕೊಂಡ. ಹುಡುಗ ಚಿತ್ರ ಕಿತ್ತುಹಾಕಿದ. ಗೋಡೆಯಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿಯಿತು. "ಅಂಕಲ್, ಇನ್ನು ಯಾರ ಚಿತ್ರ ಹಾಕಲಿ?" ಎಂದು ಕೇಳಿದ. ಆಗ ನನಗೆ ಉತ್ತರ ಹೊಳೆಯಲಿಲ್ಲ.

ಟೂರ್ ದ ಫ್ರಾನ್ಸ್ ಎಂದರೆ ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ಬೇಸಿಗೆಯಲ್ಲಿ ಮೂರು ವಾರ, ಇಪ್ಪತ್ತೊಂದು ಹಂತ, ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಒಟ್ಟು ಅತಿ ಕಡಿಮೆ ಸಮಯದಲ್ಲಿ ಮುಗಿಸಿದವನು ಗೆದ್ದಂತೆ. ಅದರ ವಿಜೇತರ ಪಟ್ಟಿಯನ್ನೊಮ್ಮೆ ನೋಡಿ. ಎರಡು ಮಹಾಯುದ್ಧಗಳ ಕಾಲದಲ್ಲಿ ಹೆಸರುಗಳಿಲ್ಲ, ಏಕೆಂದರೆ ಪಂದ್ಯವೇ ನಡೆಯಲಿಲ್ಲ. ಆದರೆ 1999ರಿಂದ 2005ರವರೆಗೆ ಪಂದ್ಯ ನಡೆಯಿತು, ಜನ ನೋಡಿದರು, ಕುಣಿದರು. ಗೆದ್ದವರ ಹೆಸರು ಮಾತ್ರ ಇಲ್ಲ. ಏಳು ಸಾಲು ಖಾಲಿ. ಎರಡನೆಯವನಿಗಾದರೂ ಕೊಡೋಣವೆಂದರೆ, ಅವರಲ್ಲೂ ಹಲವರ ಕೈ ಶುದ್ಧವಿರಲಿಲ್ಲ.

ಹಾಗೆ ನೋಡಿದರೆ ಈ ಮೋಸವೇನೂ ಹೊಸದಲ್ಲ. 1903ರ ಮೊತ್ತಮೊದಲ ಪಂದ್ಯ ಗೆದ್ದ ಮೋರಿಸ್ ಗಾರಾಂ, ಹಿಂದೆ ಮನೆಗಳ ಹೊಗೆಕೊಳವೆ ಗುಡಿಸುತ್ತಿದ್ದವನು, 1904ರಲ್ಲೂ ಮೊದಲಿಗನಾಗಿ ಬಂದ. ತಿಂಗಳುಗಳ ವಿಚಾರಣೆಯ ನಂತರ ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಐದನೆಯವನಾದ, ಪಂದ್ಯದ ವೇಳೆ ಇನ್ನೂ ಇಪ್ಪತ್ತು ತುಂಬಿರದ ಆನ್ರಿ ಕೊರ್ನೆಯನ್ನು ವಿಜೇತನೆಂದು ಘೋಷಿಸಿದರು! ಪಟ್ಟಿಯನ್ನೇ ನಂಬಿ ಚಿತ್ರ ಅಂಟಿಸಿದರೆ ಕಿತ್ತುವ ಕೆಲಸವೂ ತಪ್ಪಿದ್ದಲ್ಲ ಎಂದು ನನಗೆ ಅನ್ನಿಸಿದ್ದು ಇದನ್ನೆಲ್ಲ ಓದಿದ ಮೇಲೆ. ಆದ್ದರಿಂದ ಆ ಹುಡುಗನಿಗೆ ತಡವಾಗಿಯಾದರೂ ಸೂಚಿಸಬೇಕೆಂದಿರುವ ಹೆಸರುಗಳು ಪಟ್ಟಿಯಲ್ಲಿ ಇಲ್ಲದವರವು.

ಮೊದಲನೆಯವನು ಯೂಜೆನ್ ಕ್ರಿಸ್ತೋಫ್. ಬೀಗ ಮಾಡುವ ಕಸಬು ಕಲಿತವನು. 1913ರ ಟೂರ್‌ನಲ್ಲಿ ಬಯೋನ್ ಪಟ್ಟಣದಿಂದ ಲೂಷೋನ್‌ಗೆ ಒಂದೇ ಹಂತದಲ್ಲಿ 326 ಕಿಲೋಮೀಟರು, ಅದೂ ಪಿರನೀಸ್ ಪರ್ವತಗಳ ಮೇಲಿನಿಂದ. ಆಗ ಗೇರು ಬದಲಾಯಿಸುವ ಈಗಿನ ಅನುಕೂಲಗಳಿರಲಿಲ್ಲ. ರಸ್ತೆಯೆಂದರೆ ಕಲ್ಲು ಮಣ್ಣಿನ ಜಾಡು. ಅಂದು ಕ್ರಿಸ್ತೋಫ್ ಒಟ್ಟು ಲೆಕ್ಕದಲ್ಲಿ ಗೆಲುವಿನ ದಾರಿಯಲ್ಲಿದ್ದ. ತೂರ್ಮಾಲೆ ಕಣಿವೆದಾರಿಯ ತುದಿ ಹತ್ತಿ ಇಳಿಯುತ್ತಿರುವಾಗ ಸೈಕಲ್ಲಿನ ಫೋರ್ಕು ಮುರಿಯಿತು. ಮುಂದಿನ ಗಾಲಿಯನ್ನು ಎರಡೂ ಬದಿ ಹಿಡಿದಿರುವ ಕವಲು ಅದು. ನಮ್ಮ ಮುಂಬಯಿಯ ಸೈಕಲ್ ಅಂಗಡಿಗಳಲ್ಲಿ ಚಿಮಟಾ ಎನ್ನುತ್ತಾರಲ್ಲ, ಅದೇ.

ಅಂದಿನ ನಿಯಮ ಕೇಳಿ: ಸೈಕಲ್ ಕೆಟ್ಟರೆ ಸವಾರನೇ ಸರಿಪಡಿಸಿಕೊಳ್ಳಬೇಕು, ಬೇರೆ ಯಾರೂ ಕೈ ಹಚ್ಚಕೂಡದು. ಕ್ರಿಸ್ತೋಫ್ ಸೈಕಲ್ಲನ್ನು ಹೆಗಲಿಗೇರಿಸಿ, ಗಾಲಿಯನ್ನು ಕೈಯಲ್ಲಿ ಹಿಡಿದು ಬೆಟ್ಟ ಇಳಿಯತೊಡಗಿದ. ಹಿಂದೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ ಹೀಗೆ ನಡೆದು ಸೇಂತ್ ಮರೀ ದ ಕಾಂಪಾಂ ಎಂಬ ಹಳ್ಳಿ ಸೇರಿದ. ಅಲ್ಲೊಂದು ಕಮ್ಮಾರನ ಕುಲುಮೆ. ಕಮ್ಮಾರ ಸಹಾಯಕ್ಕೆ ಮುಂದಾದರೆ, ಬೆನ್ನ ಹಿಂದೆಯೇ ಬಂದಿದ್ದ ಪಂದ್ಯದ ಅಧಿಕಾರಿಗಳು ತಡೆದರು. ಸರಿ, ಬೀಗದ ಕಸಬಿನವನು ತಾನೇ ಕಬ್ಬಿಣ ಕಾಯಿಸಿದ, ತಾನೇ ಸುತ್ತಿಗೆ ಹಿಡಿದ. ಎರಡು ಕೈಗೂ ಕೆಲಸವಿದ್ದಾಗ ತಿದಿ ಒತ್ತುವವರು ಯಾರು? ಅಲ್ಲಿದ್ದ ಪುಟ್ಟ ಹುಡುಗನೊಬ್ಬ ಒತ್ತಿದ. ಫೋರ್ಕು ಕೂಡಿತು, ಕ್ರಿಸ್ತೋಫ್ ಸೈಕಲ್ ಹತ್ತಿದ. ಅಧಿಕಾರಿಗಳು ಹುಡುಗನ ಸಹಾಯ ಪಡೆದದ್ದಕ್ಕೆ ಹತ್ತು ನಿಮಿಷ ದಂಡ ಬರೆದುಕೊಂಡರು! ಆಮೇಲೆ ಕರುಣೆ ಬಂದು ಮೂರಕ್ಕೆ ಇಳಿಸಿದರಂತೆ. ಸುಮಾರು ನಾಲ್ಕು ಗಂಟೆ ಕಳೆದುಕೊಂಡವನಿಗೆ ಮೂರೇನು, ಹತ್ತೇನು! ಆದರೂ ಆತ ಪಂದ್ಯ ಬಿಡಲಿಲ್ಲ. ಪ್ಯಾರಿಸ್ ಸೇರಿದಾಗ ಏಳನೆಯವನು.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡಿರಾ? ಯುದ್ಧ ಮುಗಿದು 1919ರಲ್ಲಿ ಪಂದ್ಯ ಮತ್ತೆ ಶುರುವಾಯಿತು. ಮುಂದಿರುವವನನ್ನು ಜನ ಗುರುತಿಸಲೆಂದು ಆ ವರ್ಷ ಹಳದಿ ಅಂಗಿಯ ಪದ್ಧತಿ ತಂದರು. ಪಂದ್ಯ ನಡೆಸುತ್ತಿದ್ದ ಲೋತೊ ಪತ್ರಿಕೆ ಅಚ್ಚಾಗುತ್ತಿದ್ದುದೂ ಹಳದಿ ಕಾಗದದ ಮೇಲೆ. ಆ ಅಂಗಿಯನ್ನು ಲೋಕದಲ್ಲಿ ಮೊದಲು ತೊಟ್ಟವನು ಇದೇ ಕ್ರಿಸ್ತೋಫ್. ಪ್ಯಾರಿಸ್ಸಿಗೆ ಇನ್ನು ಎರಡೇ ಹಂತ ಎನ್ನುವಾಗ, ವಲಾಂಸಿಯೆನ್ ಊರಿನ ಹತ್ತಿರ ಫೋರ್ಕು ಮತ್ತೆ ಮುರಿಯಿತು! ಮತ್ತೆ ಕೈಯಾರೆ ದುರಸ್ತಿ, ಮತ್ತೆ ಕೈತಪ್ಪಿದ ಗೆಲುವು, ಕೊನೆಗೆ ಮೂರನೆಯ ಸ್ಥಾನ. ಓದುಗರು ಪತ್ರಿಕೆಗೆ ಕಳುಹಿಸಿದ ಚಂದಾ ಹಣ ಗೆದ್ದವನ ಬಹುಮಾನವನ್ನೂ ಮೀರಿತು. 1922ರಲ್ಲಿ ಮೂರನೆಯ ಸಲವೂ ಫೋರ್ಕು ಮುರಿದದ್ದನ್ನು ಹೇಳಿದರೆ ನಾನು ಕಟ್ಟುಕಥೆ ಹೇಳುತ್ತಿದ್ದೇನೆಂದು ನೀವು ಅಂದುಕೊಂಡೀರಿ. ಆದರೆ ಅದೂ ನಿಜ. ಟೂರ್ ದ ಫ್ರಾನ್ಸ್ ಅವನಿಗೆ ಒಲಿಯಲೇ ಇಲ್ಲ. ಆ ಹಳ್ಳಿಯ ಕುಲುಮೆಯ ಗೋಡೆಯ ಮೇಲೆ ಮಾತ್ರ ಅವನ ಹೆಸರಿನ ಫಲಕವಿದೆ; ಊರಲ್ಲಿ ಈಗ ಪ್ರತಿಮೆಯೂ ಇದೆ. ಅಂದಹಾಗೆ, ನಿಮ್ಮಲ್ಲಿ ಎಷ್ಟು ಜನರಿಗೆ ಪಂಕ್ಚರ್ ಹಾಕಲು ಬರುತ್ತದೆ? ಸುಮ್ಮನೆ ಕೇಳಿದೆ.

ಇನ್ನೊಬ್ಬನ ಕಥೆ ತಿಳಿಯಬೇಕಾದರೆ ಗಾಳಿಯ ವಿಚಾರ ತಿಳಿದಿರಬೇಕು. ನೀವು ಪನವೇಲಿನ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು ಹೋಗುವಾಗ ಗಮನಿಸಿರಬಹುದು: ಸಪಾಟು ನೆಲದಲ್ಲಿ ವೇಗ ಏರಿದಂತೆ ಸವಾರನ ಮುಖ್ಯ ವೈರಿ ಗಾಳಿ. ಮುಂದಿನವನ ಗಾಲಿಗೆ ಒಂದು ಗೇಣು ಹಿಂದೆ ಅಂಟಿಕೊಂಡು ಹೋದರೆ ಗಾಳಿಯನ್ನು ಅವನು ಸೀಳುತ್ತಾನೆ, ನಿಮ್ಮ ಶ್ರಮದಲ್ಲಿ ಮೂರರಲ್ಲೊಂದು ಪಾಲಿನಷ್ಟು ಉಳಿಯುತ್ತದೆ. ದೊಡ್ಡ ಪಂದ್ಯಗಳಲ್ಲಿ ತಂಡದ ಇತರರು ದಿನವಿಡೀ ಸರದಿಯಂತೆ ಗಾಳಿಗೆ ಎದೆಯೊಡ್ಡಿ ನಾಯಕನನ್ನು ಕಾಯುತ್ತಾರೆ. ಅವನ ಗಾಲಿ ಕೆಟ್ಟರೆ ತಮ್ಮದನ್ನೇ ಕಳಚಿ ಕೊಡುತ್ತಾರೆ. ಅಂಥವನಿಗೆ ಫ್ರೆಂಚರು ಇಟ್ಟ ಹೆಸರು ದೊಮೆಸ್ತೀಕ್, ಅಂದರೆ ಮನೆಯಾಳು.

1934ರಲ್ಲಿ ರೆನೇ ವಿಯೆತ್ತೊ ಇಪ್ಪತ್ತರ ಹುಡುಗ. ಹಿಂದೆ ಕಾನ್ ಪಟ್ಟಣದ ಹೋಟೆಲಿನಲ್ಲಿ ಲಿಫ್ಟಿನ ಬಳಿ ನಿಲ್ಲುತ್ತಿದ್ದವನು. ಬೆಟ್ಟ ಹತ್ತುವುದರಲ್ಲಿ ಆ ವರ್ಷ ಅವನಿಗೆ ಸಮನಿಲ್ಲ. ನಾಲ್ಕು ಹಂತಗಳನ್ನು ಗೆದ್ದ. ಆದರೆ ಫ್ರಾನ್ಸ್ ತಂಡದ ನಾಯಕ ಅಂತೋನಾಂ ಮಾಞ್, ಹಳದಿ ಅಂಗಿ ಅವನ ಮೈಮೇಲೆ. ಪಿರನೀಸಿನ ಒಂದು ಇಳಿಜಾರಿನಲ್ಲಿ ಮಾಞ್ ಬಿದ್ದ, ಗಾಲಿ ಮುರಿಯಿತು. ವಿಯೆತ್ತೊ ತನ್ನ ಮುಂದಿನ ಗಾಲಿ ಕಳಚಿ ಕೊಟ್ಟ. ನಾಯಕ ಹೋದ. ಗಾಲಿಯಿಲ್ಲದ ಸೈಕಲ್ಲನ್ನು ಪಕ್ಕಕ್ಕಿಟ್ಟು ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಕುಳಿತು, ಸಹಾಯದ ಗಾಡಿಗಾಗಿ ಕಾಯುತ್ತ ಅಳುತ್ತಿರುವ ವಿಯೆತ್ತೊನ ಛಾಯಾಚಿತ್ರ ಫ್ರಾನ್ಸಿನಲ್ಲಿ ಮನೆಮಾತಾಯಿತು.

ನನಗೆ ಆ ಚಿತ್ರಕ್ಕಿಂತ ಮರುದಿನದ ಘಟನೆ ದೊಡ್ಡದು. ಮರುದಿನ ವಿಯೆತ್ತೊ ಮುಂದಿದ್ದ. ಹಿಂದೆ ಎಲ್ಲೋ ಮಾಞ್‌ನ ಸೈಕಲ್ ಮತ್ತೆ ಕೆಟ್ಟಿತು. ಸುದ್ದಿ ತಿಳಿದ ಹುಡುಗ ಸೈಕಲ್ ತಿರುಗಿಸಿದ. ಇಳಿದು ಬಂದಿದ್ದ ಬೆಟ್ಟವನ್ನು, ಎದುರಿನಿಂದ ಇಳಿದು ಬರುತ್ತಿದ್ದ ಸವಾರರ ನಡುವೆ, ಮತ್ತೆ ಹತ್ತಿ ಹೋಗಿ ತನ್ನ ಸೈಕಲ್ಲನ್ನೇ ಕೊಟ್ಟ. ಹಿಂದಿನ ದಿನ ಅತ್ತದ್ದು ಅವನಿಗೆ ಮರೆತಿರಲಿಲ್ಲ, ಬೆಲೆ ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. ಮಾಞ್ ಟೂರ್ ಗೆದ್ದ. ವಿಯೆತ್ತೊ ಐದನೆಯವನಾದ, ಮುಂದೆಂದೂ ಗೆಲ್ಲಲಿಲ್ಲ. ಕಟ್ಟಡದ ಆ ಹುಡುಗ ಇದನ್ನು ಓದುತ್ತಿದ್ದರೆ, ಗೋಡೆಯ ಚೌಕಕ್ಕೆ ಇದು ನನ್ನ ಸಲಹೆ.

ರೇಮೋಂ ಪುಲಿದೋರ್‌ನ ಬಗ್ಗೆ ಎರಡೇ ಮಾತು. 1962ರಿಂದ 1976ರವರೆಗೆ ಮೂರು ಸಲ ಎರಡನೆಯವನು, ಐದು ಸಲ ಮೂರನೆಯವನು; ಒಂದೇ ಒಂದು ದಿನವೂ ಹಳದಿ ಅಂಗಿ ತೊಡಲಿಲ್ಲ. 1964ರಲ್ಲಿ ಪ್ಯುಯಿ ದ ದೋಮ್ ಬೆಟ್ಟದ ಮೇಲೆ ಆಂಕೆತೀಲ್‌ನೊಂದಿಗೆ ಭುಜಕ್ಕೆ ಭುಜ ತಾಗಿಸಿ ಹತ್ತಿ, ಕೊನೆಗೆ ಅವನನ್ನು ಹಿಂದಿಕ್ಕಿದರೂ ಅಂಗಿಗೆ 14 ಸೆಕೆಂಡು ಕಡಿಮೆ ಬಿತ್ತು. ಐದು ಸಲ ಗೆದ್ದ ಆಂಕೆತೀಲ್‌ನಿಗಿಂತ ಜನ ಪ್ರೀತಿಸಿದ್ದು ಇವನನ್ನು. 2019ರಲ್ಲಿ ತೀರಿಕೊಂಡ. 2021ರ ಜೂನ್ 27ರಂದು ಅವನ ಮಗಳ ಮಗ ಮಾತ್ಯು ವಾನ್ ದೆರ್ ಪೂಲ್ ಒಂದು ಹಂತ ಗೆದ್ದು, ಬೆರಳನ್ನು ಆಕಾಶಕ್ಕೆ ತೋರಿಸಿ, ಹಳದಿ ಅಂಗಿ ತೊಟ್ಟ. ಅಜ್ಜ ಫ್ರೆಂಚ್, ಅಪ್ಪ ಡಚ್, ತಾನು ಹುಟ್ಟಿದ್ದು ಬೆಲ್ಜಿಯಂನಲ್ಲಿ. "ನಿನ್ನ ಊರು ಯಾವುದು?" ಎಂದು ಕೇಳಿದರೆ ನಿಮ್ಮ ಹಾಗೆ ಅವನೂ ಒಂದು ಕ್ಷಣ ತಡವರಿಸಬೇಕು!

ಇಷ್ಟೆಲ್ಲ ಹೇಳಿದವನು ತನ್ನದೊಂದನ್ನು ಮುಚ್ಚಿಟ್ಟರೆ ಸರಿಯಲ್ಲ. ವಿಯೆತ್ತೊ ಸೈಕಲ್ ತಿರುಗಿಸಿದ ಕಥೆ ನನ್ನ ಮನಸ್ಸಿನಲ್ಲಿ ನಿಂತದ್ದಕ್ಕೆ ಕಾರಣವಿದೆ.

1997ರ ಡಿಸೆಂಬರಿನ ಒಂದು ಭಾನುವಾರ ನಾನೂ ನನ್ನ ಗೆಳೆಯನೂ ಡೊಂಬಿವಲಿಯಿಂದ ಖಂಡಾಲಕ್ಕೆ ಹೊರಟೆವು. ಆತ ಗದಗಿನ ಕಡೆಯವನು. ಸಂಘದ ನಾಟಕದ ತಾಲೀಮಿನಲ್ಲಿ ಪರಿಚಯವಾದವನು. ನನ್ನದು ಹೊಸ ಗೇರಿನ ಸೈಕಲ್, ಅವನದು ಹಾಲಿನವರು ಬಳಸುವಂಥ ಕರಿಯ ಸಾದಾ ಸೈಕಲ್. ಆದರೂ ಖೋಪೋಲಿಯವರೆಗೆ ಬಹುಪಾಲು ಅವನೇ ಮುಂದೆ. "ನಮ್ಮ ಕಡೀ ಬಿಜಾಪುರ, ಬಾಗಲಕೋಟಿ ಹುಡುಗರು ಹೆಂಗ ಹೊಡೀತಾರ ನೋಡಬೇಕ್ ನೀ" ಎನ್ನುತ್ತ ಗಾಳಿ ಸೀಳುತ್ತಿದ್ದ. ಆ ಭಾಗದ ಹುಡುಗರು ದೇಶಮಟ್ಟದ ರಸ್ತೆ ಸೈಕ್ಲಿಂಗಿನಲ್ಲಿ ಹೆಸರು ಮಾಡಿದವರು ಎಂಬುದನ್ನು ನಾನು ತಿಳಿದದ್ದು ಅವನ ಬೆನ್ನ ಹಿಂದೆ ಬೆಚ್ಚಗೆ ಕುಳಿತು.

ಖೋಪೋಲಿಯಲ್ಲಿ ವಡಾಪಾವ್, ಚಹಾ. ಅಲ್ಲಿಂದ ಬೋರ್ ಘಾಟು. ಮುಂಬಯಿ–ಪುಣೆ ಸೈಕಲ್ ಪಂದ್ಯದಲ್ಲಿ ಈ ಘಾಟನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಎಂಬ ಗೌರವವುಂಟು. ನನ್ನ ತಲೆಯಲ್ಲೂ ರಾಜನಾಗುವ ಹುಳು ಹೊಕ್ಕಿತ್ತು: ಒಂದು ಗಂಟೆಯೊಳಗೆ ಹತ್ತಬೇಕು. ಹತ್ತತೊಡಗಿ ಸ್ವಲ್ಪ ಹೊತ್ತಾಗಿರಬಹುದು, ಹಿಂದೆ ಟಪ್ಪೆಂದು ಸದ್ದಾಯಿತು. ಅವನ ಚೈನು ಕಡಿದಿತ್ತು. ನಾನು ಕೈಗಡಿಯಾರ ನೋಡಿಕೊಂಡೆ. ಅದನ್ನು ಅವನು ನೋಡಿದ. "ನೀ ನಡಿ, ನಾ ಬರ್ತೀನಿ" ಅಂದ. ನಾನು ನಡೆದೇಬಿಟ್ಟೆ.

ಐವತ್ತೆರಡು ನಿಮಿಷಕ್ಕೆ ಹತ್ತಿದೆ. ಖಂಡಾಲದಲ್ಲಿ ಚಿಕ್ಕಿ ಕೊಂಡು ಒಬ್ಬನೇ ತಿನ್ನುತ್ತ ಕುಳಿತೆ. ಅವನು ಸೈಕಲ್ ತಳ್ಳಿಕೊಂಡು ಬಂದದ್ದು ಒಂದೂವರೆ ಗಂಟೆ ಕಳೆದ ಮೇಲೆ. ಲಾರಿಗಳ ಹೊಗೆಯಲ್ಲಿ ಮುಖ, ಚೈನಿನ ಗ್ರೀಸಿನಲ್ಲಿ ಕೈ, ಎರಡೂ ಕಪ್ಪಾಗಿದ್ದವು. "ಎಷ್ಟ್ ಹೊತ್ತಿನಾಗ ಹತ್ತಿದಿ?" ಎಂದು ಕೇಳಿದ. ಹೇಳಿದೆ. "ಭೇಷ್!" ಅಂದ. ವ್ಯಂಗ್ಯವಿರಲಿಲ್ಲ, ಮನಸಾರೆ ಅಂದದ್ದು. ಇಳಿಯುವಾಗ ಚೈನಿನ ಹಂಗಿಲ್ಲವಲ್ಲ, ಬ್ರೇಕು ಹಿಡಿದು ನನಗಿಂತ ಮೊದಲೇ ಖೋಪೋಲಿ ಮುಟ್ಟಿದ. ಅಲ್ಲಿಯ ಅಂಗಡಿಯವನು ಒಂದು ಹೊಸ ಕೊಂಡಿ ಹಾಕಿ ಚೈನು ಕೂಡಿಸಿದ. ಐದು ರೂಪಾಯಿ, ಹತ್ತು ನಿಮಿಷ. ಚೈನು ಕಡಿದ ಜಾಗದಿಂದ ನಾನು ಆ ಅಂಗಡಿಗೆ ಇಳಿದು ಕೊಂಡಿ ತಂದಿದ್ದರೆ ಹೆಚ್ಚೆಂದರೆ ಅರ್ಧ ಗಂಟೆಯ ಮಾತು.

ನೀವು ಘಾಟಿಗೆ ಹೋಗುವವರಾದರೆ ಒಂದು ಮಾತು: ದ್ರುತಗತಿ ಹೆದ್ದಾರಿಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ದುಸ್ಸಾಹಸ ಬೇಡ. ಸೀಟಿನ ಕೆಳಗೆ ಕಟ್ಟುವ ಚೀಲದಲ್ಲಿ ಒಂದು ಟ್ಯೂಬು, ಪಂಕ್ಚರ್ ಸಾಮಾನು, ಚೈನು ಬಿಚ್ಚುವ ಸಲಕರಣೆ, ಒಂದೆರಡು ಕೊಂಡಿ, ಪುಟ್ಟ ಪಂಪು ಇರಲಿ. ದುಬಾರಿ ಸೈಕಲ್ಲಿಗಿಂತ ಮೊದಲು ಇವು ಬೇಕು.

ಗೆಳೆಯ ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಊರಿಗೆ ಮರಳಿದ್ದಾನೆ. ಕಳೆದ ವರ್ಷ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದಾಗ, ಬಾಲ್ಕನಿಯಲ್ಲಿದ್ದ ನನ್ನ ಸೈಕಲ್ಲನ್ನು ಸುತ್ತು ಹಾಕಿ ನೋಡಿದ. ಚೀಲ ಬಿಚ್ಚಿ ಒಂದೊಂದೇ ಸಾಮಾನು ಹೊರತೆಗೆದ. ಕಾಗದದ ಪೊಟ್ಟಣದಲ್ಲಿ ಎರಡು ನಮೂನೆಯ ಕೊಂಡಿಗಳಿದ್ದವು: ನನ್ನ ಗೇರಿನ ಸೈಕಲ್ಲಿನ ತೆಳು ಚೈನಿನವು, ಸಾದಾ ಸೈಕಲ್ಲಿನ ದಪ್ಪ ಚೈನಿನವು.

"ಈ ದಪ್ಪನೂವು ನಿನ್ನ ಸೈಕಲ್ಲಿಗೆ ಹೊಂದಂಗಿಲ್ಲಲೋ" ಅಂದ.

"ಹೌದು" ಎಂದೆ.

ಸ್ವಲ್ಪ ಹೊತ್ತು ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಮತ್ತೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ, "ಮದುವಿ ಮುಗದ ಮ್ಯಾಲ ಒಂದಿನ ಖೋಪೋಲಿ ಕಡೆ ಹೋಗೂಣು" ಅಂದ.