ಪ್ರೋಗ್ರಾಮಿನೊಳಗಣ ಟಿಪ್ಪಣಿಗಳು: ಜಾವಾಸ್ಕ್ರಿಪ್ಟಿನ ‘ಡಿಬಗ್’ ಸಾಧನದ ವಿಚಾರ

ವಿಜಯನಗರ ಕಾಲದ ಶಾಸನಗಳ ಸೂಚಿಯೊಂದನ್ನು ಸಿದ್ಧಪಡಿಸುತ್ತಿದ್ದಾಗ, ಶಕವರ್ಷಗಳನ್ನು ಕ್ರಿಸ್ತವರ್ಷಗಳಿಗೆ ಪರಿವರ್ತಿಸುವ ಸಲುವಾಗಿ ನಾವು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಚಿಕ್ಕದೊಂದು ಪ್ರೋಗ್ರಾಮನ್ನು ಬರೆದುಕೊಂಡೆವು. ಕೆಲಸ ಬಹುಮಟ್ಟಿಗೆ ಮುಗಿದ ಮೇಲೆ, ಕೆಲವು ಶಾಸನಗಳ ಕಾಲ ಒಂದು ವರ್ಷ ಹಿಂದಕ್ಕೆ ಸರಿದಿರುವುದು ಕಂಡುಬಂದಿತು. ಪ್ರೋಗ್ರಾಮು ಎಲ್ಲಿಯೂ ನಿಂತಿರಲಿಲ್ಲ, ದೋಷದ ಸೂಚನೆಯನ್ನೂ ಕೊಟ್ಟಿರಲಿಲ್ಲ. ಒಂದು ವರ್ಷದ ಅಂತರ ಅಲ್ಪವೆಂದು ತೋರಬಹುದು. ಆದರೆ ದಾನವೊಂದು ಅರಸನ ಪಟ್ಟಾಭಿಷೇಕಕ್ಕೆ ಮುಂಚಿನದೋ ಅನಂತರದ್ದೋ ಎಂಬ ನಿರ್ಣಯ ಆ ಒಂದು ವರ್ಷವನ್ನೇ ಅವಲಂಬಿಸಿರುವುದುಂಟು. ಆ ದೋಷವನ್ನು ಹುಡುಕುವಾಗ ನಮಗೆ ನೆರವಾದ ‘ಡಿಬಗ್’ ಎಂಬ ಸಾಧನದ ಪರಿಚಯವನ್ನು ಇಲ್ಲಿ ಮಾಡಿಕೊಡಲು ಯತ್ನಿಸಿದ್ದೇವೆ.

ದೋಷಕ್ಕೆ ‘ಬಗ್’, ಅರ್ಥಾತ್ ಹುಳು, ಎಂಬ ಹೆಸರು ಬಂದುದು 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಯಂತ್ರದೊಳಗೆ ಪತಂಗವೊಂದು ಸಿಕ್ಕಿಕೊಂಡುದರಿಂದ ಎಂದು ಹೇಳುವ ವಾಡಿಕೆಯಿದೆ. ಪತಂಗವನ್ನು ದಿನಚರಿಯ ಪುಟಕ್ಕೆ ಅಂಟಿಸಿದ್ದುದು ನಿಜ. ಆದರೆ 1878ರಷ್ಟು ಹಿಂದೆಯೇ ಎಡಿಸನ್ ತನ್ನ ಪತ್ರವೊಂದರಲ್ಲಿ ಈ ಮಾತನ್ನು ಇದೇ ಅರ್ಥದಲ್ಲಿ ಬಳಸಿದ್ದನು. ಅದಂತಿರಲಿ.

ದೋಷವನ್ನು ಹುಡುಕುವವನು ಮೊದಲು ಮಾಡುವ ಕೆಲಸವೆಂದರೆ, ಪ್ರೋಗ್ರಾಮಿನ ನಡುನಡುವೆ ‘ಕನ್ಸೋಲ್.ಲಾಗ್’ ಎಂಬ ಆಜ್ಞೆಯನ್ನು ಇರಿಸಿ, ಆಯಾ ಹಂತದಲ್ಲಿ ಬೆಲೆಗಳು ಹೇಗಿವೆಯೆಂಬುದನ್ನು ತೆರೆಯ ಮೇಲೆ ಬರೆಯಿಸುವುದು. ನಾವೂ ಹಾಗೆಯೇ ಮಾಡಿದೆವು. ತೆರೆಯು ಸಾಲುಗಳಿಂದ ತುಂಬಿಹೋಯಿತು. ಯಾವ ಸಾಲು ಯಾವ ಭಾಗದ್ದೆಂದು ತಿಳಿಯದಾಯಿತು. ಬೇಸತ್ತು ಅವನ್ನೆಲ್ಲ ಅಳಿಸಿದೆವು. ಮರುದಿನ ಅವೇ ಮತ್ತೆ ಬೇಕಾದುವು.

‘ಡಿಬಗ್’ ಈ ತೊಡಕನ್ನು ನಿವಾರಿಸುವ ಪುಟ್ಟ ಸಾಧನ. ಟಿ. ಜೆ. ಹೊಲೊವೈಚಕ್ ಎಂಬವರು ಇದನ್ನು 2011ರಲ್ಲಿ ರಚಿಸಿದರು. ‘ಎಕ್ಸ್‌ಪ್ರೆಸ್’ ಮೊದಲಾದ ಪ್ರಸಿದ್ಧ ಸಾಧನಗಳು ಇದನ್ನು ತಮ್ಮೊಳಗೆ ಅಳವಡಿಸಿಕೊಂಡಿವೆ. ಇದರ ತತ್ತ್ವ ಸರಳವಾದುದು. ಪ್ರತಿಯೊಂದು ಟಿಪ್ಪಣಿಗೂ ಒಂದು ಹೆಸರಿರಬೇಕು. ಆ ಹೆಸರನ್ನು ಕರೆಯುವ ತನಕ ಟಿಪ್ಪಣಿಯು ಮೌನವಾಗಿರಬೇಕು. ನಾವು ನಮ್ಮ ಪ್ರೋಗ್ರಾಮಿನ ಭಾಗಗಳಿಗೆ ‘ಶಾಸನ:ಓದು’, ‘ಶಾಸನ:ಕಾಲ’, ‘ಶಾಸನ:ಸೂಚಿ’ ಎಂದು ಹೆಸರಿಟ್ಟೆವು. ಪ್ರೋಗ್ರಾಮನ್ನು ಓಡಿಸುವಾಗ ‘ಡಿಬಗ್=ಶಾಸನ:ಕಾಲ’ ಎಂದು ಮುಂದೆ ಬರೆದರೆ ಕಾಲನಿರ್ಣಯದ ಟಿಪ್ಪಣಿಗಳು ಮಾತ್ರ ಕಾಣುತ್ತವೆ; ‘ಶಾಸನ:*’ ಎಂದರೆ ಎಲ್ಲವೂ ಕಾಣುತ್ತವೆ; ‘ಶಾಸನ:*,-ಶಾಸನ:ಓದು’ ಎಂದರೆ ಓದಿನ ಭಾಗವೊಂದನ್ನು ಬಿಟ್ಟು ಉಳಿದುವು. (ಯಂತ್ರದಲ್ಲಿ ನಾವು ಇವನ್ನು ರೋಮನ್ ಲಿಪಿಯಲ್ಲಿ ಬರೆದೆವು, ‘ಡಿಬಗ್’ ಎಂಬುದು ದೊಡ್ಡಕ್ಷರಗಳಲ್ಲಿಯೇ ಇರತಕ್ಕದ್ದು.) ಒಂದೊಂದು ಹೆಸರಿಗೂ ಒಂದೊಂದು ಬಣ್ಣವುಂಟು. ಸಾಲಿನ ಕೊನೆಗೆ, ಅದೇ ಹೆಸರಿನ ಹಿಂದಿನ ಟಿಪ್ಪಣಿಯಿಂದ ಎಷ್ಟು ಮಿಲಿಸೆಕೆಂಡು ಕಳೆದುವೆಂಬುದೂ ಬರುತ್ತದೆ. ಟಿಪ್ಪಣಿಗಳನ್ನು ಕಡತಕ್ಕೆ ತಿರುಗಿಸಿದಾಗ ಅದರ ಬದಲು ದಿನಾಂಕವೇ ಬೀಳುತ್ತದೆ. ಆದರೆ ಅದು ವಿಶ್ವಕಾಲಮಾನದ್ದಾದುದರಿಂದ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ.

ಬ್ರೌಸರಿನಲ್ಲಿಯಾದರೆ ‘ಲೋಕಲ್‌ಸ್ಟೋರೇಜ್.ಡಿಬಗ್’ ಎಂಬಲ್ಲಿ ಹೆಸರನ್ನು ಬರೆದು ಪುಟವನ್ನು ಮತ್ತೊಮ್ಮೆ ತೆರೆಯಬೇಕು. ಕ್ರೋಮ್ ಬ್ರೌಸರಿನಲ್ಲಿ ‘ವರ್ಬೋಸ್’ ಎಂಬ ಮಟ್ಟವನ್ನೂ ಆರಿಸಿಕೊಳ್ಳದಿದ್ದರೆ ಏನೂ ಕಾಣದು. ಇದನ್ನರಿಯದೆ ನಾವು ಒಂದು ಇಡೀ ಮಧ್ಯಾಹ್ನವನ್ನು ಕಳೆದೆವು.

ಇನ್ನು ನಮ್ಮ ದೋಷದ ಸಂಗತಿ. ಗತಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ. ಮಾಘ ಫಾಲ್ಗುಣಗಳು ಸಾಮಾನ್ಯವಾಗಿ ಜನವರಿಯ ಈಚೆಗೆ ಬೀಳುವುದರಿಂದ ಅವುಗಳಿಗೆ 79ನ್ನು ಕೂಡಿಸಬೇಕು. ಹೀಗೆ ಶಕ 1450ರ ಮಾಘಮಾಸವು ಕ್ರಿ. ಶ. 1529ರಲ್ಲಿ ಬರುತ್ತದೆ. ಚೈತ್ರವನ್ನು ಒಂದೆಂದು ಎಣಿಸಿ, ‘ಮಾಸದ ಸಂಖ್ಯೆ 10ಕ್ಕಿಂತ ಹೆಚ್ಚಾದರೆ 79’ ಎಂದು ನಾವು ಬರೆದಿದ್ದೆವು. ಆದರೆ ‘ಶಾಸನ:ಕಾಲ’ದ ಟಿಪ್ಪಣಿಗಳನ್ನು ತೆರೆದು ನೋಡಿದಾಗ, ಮಾಘಮಾಸದ ಎದುರಿಗೆ 10 ಎಂದಿದ್ದಿತು! ಜಾವಾಸ್ಕ್ರಿಪ್ಟಿನಲ್ಲಿ ಪಟ್ಟಿಗಳ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಚೈತ್ರವು 0, ಮಾಘವು 10, ಫಾಲ್ಗುಣವು 11. ಆದುದರಿಂದ ಫಾಲ್ಗುಣದ ಶಾಸನಗಳೆಲ್ಲ ಸರಿಯಾಗಿ ಬಂದು ಮಾಘದವು ಮಾತ್ರ ಕೆಟ್ಟಿದ್ದುವು. ನಾವು ಪರೀಕ್ಷೆಗೆಂದು ಮೊದಲು ಕೊಟ್ಟಿದ್ದುದು ಫಾಲ್ಗುಣದ ಶಾಸನವನ್ನೇ!

ಈ ಸಾಧನದ ಮಿತಿಗಳನ್ನೂ ಹೇಳಬೇಕು. ಮೌನವಾಗಿರುವ ಟಿಪ್ಪಣಿಯಿಂದ ವೆಚ್ಚವೇ ಇಲ್ಲವೆಂದು ತಿಳಿಯಬಾರದು. ಅದಕ್ಕೆ ಒಪ್ಪಿಸುವ ಬೆಲೆಯನ್ನು ಪ್ರೋಗ್ರಾಮು ಹೇಗೂ ಗಣಿಸುತ್ತದೆ. ಗಣನೆ ಭಾರವಾದುದಾದರೆ ‘ಎನೇಬಲ್ಡ್’ ಎಂಬ ಗುಣವನ್ನು ಮುಂಚೆಯೇ ಪರಿಶೀಲಿಸಿಕೊಳ್ಳಬೇಕು. ಇದಕ್ಕಿಂತ ಗುರುತರವಾದ ವಿಷಯವೊಂದಿದೆ. ಕರೆಯದಿದ್ದ ಟಿಪ್ಪಣಿಯು ಎಲ್ಲಿಯೂ ಬರೆಯಲ್ಪಡುವುದಿಲ್ಲ. ನಿನ್ನೆ ನಡೆದುದನ್ನು ಇಂದು ಅದರಿಂದ ತಿಳಿಯಲಾಗದು. ಶಾಸನವಿಲ್ಲವೆಂದ ಮಾತ್ರಕ್ಕೆ ಊರೇ ಇರಲಿಲ್ಲವೆಂದು ಇತಿಹಾಸದ ವಿದ್ಯಾರ್ಥಿ ಹೇಳನಷ್ಟೆ, ಇಲ್ಲಿಯೂ ಹಾಗೆಯೇ. ಯಾರು ಯಾವಾಗ ಏನನ್ನು ತಿದ್ದಿದರೆಂಬ ಶಾಶ್ವತ ದಾಖಲೆ ಬೇಕಾದಲ್ಲಿ ಬೇರೆ ವ್ಯವಸ್ಥೆಯನ್ನೇ ಮಾಡಿಕೊಳ್ಳಬೇಕು. ಟಿಪ್ಪಣಿಗಳಲ್ಲಿ ಗುಪ್ತಪದಗಳು ಬರೆಯಲ್ಪಡದಂತೆ ನೋಡಿಕೊಳ್ಳುವುದೂ ಅವಶ್ಯಕ.

2025ರ ಸೆಪ್ಟೆಂಬರ್ 8ರಂದು, ಇದರ ಪಾಲನೆ ಮಾಡುವವರೊಬ್ಬರನ್ನು ಹುಸಿ ಮಿಂಚಂಚೆಯಿಂದ ವಂಚಿಸಿ ಅವರ ಖಾತೆಯನ್ನು ವಶಪಡಿಸಿಕೊಂಡ ದುಷ್ಟರು, ‘ಡಿಬಗ್’ನ 4.4.2ನೆಯ ಆವೃತ್ತಿಯೊಳಗೆ ಕ್ರಿಪ್ಟೋ ನಾಣ್ಯಗಳನ್ನು ಅಪಹರಿಸುವ ಬರಹವನ್ನು ಸೇರಿಸಿ ಪ್ರಕಟಿಸಿದರು. ಅದನ್ನು ಬೇಗನೆ ತೆಗೆದುಹಾಕಲಾಯಿತು. ಕೂಟಶಾಸನಗಳನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಕಾಣದು: ಮುದ್ರೆ ನಿಜವಾದುದು, ಒಕ್ಕಣೆ ಸುಳ್ಳು. ಆವೃತ್ತಿಯ ಸಂಖ್ಯೆಯನ್ನೂ ಅದರ ಗುರುತನ್ನೂ ಹಿಡಿದಿಡುವ ‘ಪ್ಯಾಕೇಜ್-ಲಾಕ್’ ಕಡತವನ್ನು ಪ್ರೋಗ್ರಾಮಿನ ಜೊತೆಯಲ್ಲಿಯೇ ಕಾಪಾಡಿಕೊಳ್ಳುವುದು ಆದುದರಿಂದ ಒಳ್ಳೆಯದು.

ಮಾಘಮಾಸದ ಶಾಸನಗಳನ್ನೆಲ್ಲ ಮತ್ತೊಮ್ಮೆ ಗಣಿಸಿ ಸೂಚಿಯನ್ನು ತಿದ್ದಿದ್ದೇವೆ. ಪುಷ್ಯಮಾಸವು ಡಿಸೆಂಬರು ಜನವರಿಗಳೆರಡರಲ್ಲಿಯೂ ಹರಡಿಕೊಳ್ಳುವುದರಿಂದ, ಆ ಮಾಸದವುಗಳನ್ನು ಪ್ರೋಗ್ರಾಮಿಗೆ ಒಪ್ಪಿಸದೆ, ತಿಥಿವಾರಗಳನ್ನು ನೋಡಿ ಕೈಲೆಕ್ಕದಿಂದಲೇ ನಿರ್ಣಯಿಸುತ್ತಿದ್ದೇವೆ.