ನೀಲಗಾರರ ಕಾವ್ಯವೂ ವಿಶ್ವವಿದ್ಯಾನಿಲಯದ ವ್ಯಾಸಂಗವೂ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಲ್ಲಿಯ ಹದಿನಾರು ಮುಖದ ಚಾವಡಿಯು ಹದಿನಾರು ಮಂದಿ ಅಳಿಯಂದಿರು ಕುಳಿತುಕೊಳ್ಳುವುದಕ್ಕಾಗಿ ಕಟ್ಟಿಸಿದುದೆಂದು ಸ್ಥಳದ ಐತಿಹ್ಯ. ಬಿ. ಎಲ್. ರೈಸ್ ಮಹಾಶಯರು ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳ ಶಾಸನಗಳನ್ನು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದಂದಿನಿಂದ ಈ ಪ್ರಾಂತದ ಕಲ್ಲುಗಳ ಮಾತಿಗೆ ಪ್ರಾಮಾಣ್ಯವುಂಟಾಯಿತು. ಬಾಯಿಮಾತಿನ ಐತಿಹ್ಯವನ್ನಾಗಲಿ, ಇದೇ ಪ್ರಾಂತದಲ್ಲಿ ತಂಬೂರಿ ಡಕ್ಕೆಗಳನ್ನು ಹಿಡಿದು ರಾತ್ರಿಯೆಲ್ಲ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ಕಾವ್ಯವನ್ನಾಗಲಿ ಪ್ರಮಾಣಕೋಟಿಯಲ್ಲಿ ಎಣಿಸಲು ಬಹುಕಾಲ ಹಿಡಿಯಿತು. ಶಾಸನವು ಪ್ರಾಯಶಃ ದಾನವಿತ್ತವರ ಮಾತು. ನೀಲಗಾರರ ಹಾಡು ದಾನವೀಯುವ ಶಕ್ತಿಯಿಲ್ಲದವರ ಮಾತು. ವಿಶ್ವವಿದ್ಯಾನಿಲಯದಲ್ಲಿ ಈ ಎರಡನೆಯದನ್ನು ಅಭ್ಯಸಿಸುವುದರಿಂದ ಏನು ಪ್ರಯೋಜನವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾವ್ಯದ ಮೊದಲ ಭಾಗದಲ್ಲಿ ಮಂಟೇಸ್ವಾಮಿಯವರು ಹೇಯವಾದ ವೇಷವನ್ನು ತಾಳಿ ಕಲ್ಯಾಣದ ಬಾಗಿಲಿಗೆ ಬರುತ್ತಾರೆ, ಬಾಗಿಲವರು ತಡೆಯುತ್ತಾರೆ. ಒಳಗೆ ಜಂಗಮರ ದಾಸೋಹವು ವೈಭವದಿಂದ ನಡೆಯುತ್ತಿರುತ್ತದೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವು ಆ ಪಟ್ಟಣವನ್ನು ಒಳಗಿನಿಂದ ತೋರಿಸಿದರೆ, ಈ ಹಾಡು ಬಾಗಿಲಾಚೆ ನಿಂತವರ ಕಣ್ಣಿನಿಂದ ತೋರಿಸುತ್ತದೆ. ಇದನ್ನು ಹನ್ನೆರಡನೆಯ ಶತಮಾನದ ಪ್ರತ್ಯಕ್ಷ ಸಾಕ್ಷ್ಯವೆಂದು ಹಿಡಿಯುವುದು ಪ್ರಮಾದವೇ ಸರಿ. ಆದರೆ ಶರಣರ ಸಮತ್ವದ ಮಾತು ಮುಂದಿನ ಕಾಲದ ಕೆಳಜಾತಿಗಳ ಕಿವಿಗೆ ಹೇಗೆ ಕೇಳಿಸಿತು, ಯಾವ ಸಂದೇಹವನ್ನು ಹುಟ್ಟಿಸಿತು ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ಆಧಾರ ವಿರಳ. ಪುರಾಣವನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಆ ಸಂದೇಹವೊಂದಿತ್ತೆಂಬುದೇ ತಿಳಿಯದು. ಇನ್ನು ಸಿದ್ಧಪ್ಪಾಜಿಯವರು ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಯನ್ನು ಬೇಡುವ ಪ್ರಸಂಗವಂತೂ ಕುಲಕಸುಬುಗಳ ಚರಿತ್ರೆಯನ್ನು ಬರೆಯುವವರು ಬಿಡಬಾರದಂತಹುದು.

ಭಾಷಾದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬಹುದು. ಮಂಟೇಸ್ವಾಮಿಯವರಿಗೆ ಈ ಸಂಪ್ರದಾಯದಲ್ಲಿ ‘ಧರೆಗೆ ದೊಡ್ಡವರು’ ಎಂಬ ಬಿರುದುಂಟು. ವ್ಯಾಕರಣವನ್ನಷ್ಟೇ ಬಲ್ಲವರು ಇಲ್ಲಿಯ ಚತುರ್ಥಿಯನ್ನು ತಾರತಮ್ಯಾರ್ಥದಲ್ಲಿ ಹಿಡಿದು, ‘ಧರೆಗಿಂತ ದೊಡ್ಡವರು’ ಎಂದು ಅರ್ಥವಿಸಲು ಹವಣಿಸುವರು. ಹಳ್ಳಿಯ ರೂಢಿಯನ್ನು ಬಲ್ಲವರಿಗೆ ‘ಊರಿಗೆ ದೊಡ್ಡವರು’, ‘ಮನೆಗೆ ದೊಡ್ಡವರು’ ಎಂಬ ಪ್ರಯೋಗಗಳು ಕೂಡಲೆ ನೆನಪಾಗುತ್ತವೆ. ಊರಿಗೆ ಹಿರಿಯನಾದವನು ಹೇಗೋ ಹಾಗೆ ಧರೆಗೆಲ್ಲ ಹಿರಿಯರು ಎಂಬುದೇ ಸಹಜವಾದ ಭಾವ. ಮೊದಲನೆಯ ಅರ್ಥದಲ್ಲಿ ಅಳತೆಯಿದೆ, ಎರಡನೆಯದರಲ್ಲಿ ಬಾಂಧವ್ಯವಿದೆ.

ಇದು ಬರಿಯ ಪದಚರ್ಚೆಯೆಂದು ಬಗೆಯಬಾರದು. ಆಡುವವರ ರೂಢಿಯನ್ನರಿಯದೆ ಅವರ ಮಾತಿಗೆ ಅರ್ಥಹೇಳಿದುದರಿಂದ ಪ್ರಾಣಹಾನಿಯಾದ ಪ್ರಸಂಗವೊಂದು ಅಮೆರಿಕ ದೇಶದ ಟೆಕ್ಸಾಸ್ ಪ್ರಾಂತದಲ್ಲಿ ನಡೆದಿದೆ. ಅಲ್ಲಿಯ ಸ್ಪ್ಯಾನಿಷ್ ಮಾತನಾಡುವ ಮೆಕ್ಸಿಕನ್ ಮೂಲದ ಜನರಲ್ಲಿ ಅನೇಕರು ಹೊರಗಿನಿಂದ ಬಂದವರಲ್ಲ. 1848ರ ಒಪ್ಪಂದದಿಂದ ಮೇರೆಯು ಬದಲಾಗಿ ಅನ್ಯಪ್ರಭುತ್ವಕ್ಕೆ ಒಳಗಾದವರ ಸಂತತಿ. 1901ರ ಜೂನ್ 12ರಂದು ಕುದುರೆಗಳ್ಳನನ್ನು ಅರಸುತ್ತ ಬಂದ ಷೆರೀಫನು ಗ್ರೆಗೊರಿಯೊ ಕೊರ್ಟೆಸ್ ಎಂಬ ಒಕ್ಕಲಿಗನನ್ನು, ದುಭಾಷಿಯ ಮೂಲಕ, ‘ಕಬಾಯೊ’ವನ್ನು ವಿನಿಮಯ ಮಾಡಿದೆಯಾ ಎಂದು ಕೇಳಿಸಿದನು. ಅವನು ಕೊಟ್ಟಿದ್ದುದು ‘ಯೇಗ್ವ’, ಎಂದರೆ ಹೆಣ್ಣುಕುದುರೆ, ಆದಕಾರಣ ಇಲ್ಲವೆಂದನು. ಸತ್ಯವಾದ ಆ ಉತ್ತರವು ಸುಳ್ಳೆಂದು ತೋರಿತು. ಗುಂಡುಗಳು ಹಾರಿದುವು, ಕೊರ್ಟೆಸನ ಅಣ್ಣನಿಗೆ ಏಟು ತಗುಲಿತು, ಷೆರೀಫನು ಮಡಿದನು. ಸೆರೆಯಾದ ಕೊರ್ಟೆಸನಿಗೆ 1913ರಲ್ಲಿ ಕ್ಷಮಾದಾನ ದೊರೆಯಿತು. ಜನರು ಅವನ ಮೇಲೆ ‘ಕೊರಿಡೊ’ ಎಂಬ ಲಾವಣಿಯನ್ನು ಕಟ್ಟಿ ಹಾಡಿದರು. ಅಮೆರಿಕೊ ಪರೇಡೆಸ್ ಎಂಬ ಪಂಡಿತರು ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಆ ಲಾವಣಿಯನ್ನೇ ವಿಷಯವಾಗಿ ಹಿಡಿದು ಶೋಧಿಸಿ 1958ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸರಕಾರದ ಕಡತವನ್ನೂ ಜನರ ಹಾಡನ್ನೂ ಎದುರುಬದುರಾಗಿ ಇಟ್ಟು ತೂಗಿದುದು ಈ ಗ್ರಂಥದ ಹಿರಿಮೆ. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಲಾಸ್ ಏಂಜಲೀಸಿನ ರಾಜ್ಯ ಕಾಲೇಜಿನಲ್ಲಿ ಈ ಜನರ ಸಂಸ್ಕೃತಿಯ ವ್ಯಾಸಂಗಕ್ಕೆ ಪ್ರತ್ಯೇಕ ವಿಭಾಗವೇ ಏರ್ಪಟ್ಟಿತು.

ನೀಲಗಾರರ ಹಾಡಿನ ನಾಡೂ ಮೇರೆಯಿಂದ ಸೀಳಿದ ನಾಡೇ ಆಗಿತ್ತು. ಬೊಪ್ಪೇಗೌಡನಪುರದ ಮಠವೂ ಕಪ್ಪಡಿಯ ಗದ್ದಿಗೆಯೂ ಮೈಸೂರು ಸಂಸ್ಥಾನದಲ್ಲಿದ್ದರೆ, ಸಿದ್ಧಪ್ಪಾಜಿಯವರ ಚಿಕ್ಕಲ್ಲೂರು ಕೊಳ್ಳೇಗಾಲ ಸೀಮೆಯದು. ಆ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತದ ಕೊಯಿಮತ್ತೂರು ಜಿಲ್ಲೆಗೆ ಸೇರಿತ್ತು. ನಂಜನಗೂಡು, ನರಸೀಪುರಗಳ ಒಕ್ಕಲು ಹರಕೆ ಹೊತ್ತು ನಡೆದಾಗ ಆ ಗೆರೆಯನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಕನ್ನಡನಾಡು ಒಂದಾಗುವ ಮೊದಲೇ ಅದು ಹಾಡಿನಲ್ಲಿ ಒಂದಾಗಿಯೇ ಇತ್ತು.

ಲಿಖಿತ ಮೂಲವಿಲ್ಲದ, ಹಾಡಿದಂತೆಲ್ಲ ಬದಲಾಗುವ ಕೃತಿಯನ್ನು ಪಾಠ ಹೇಳುವುದೆಂತು ಎಂಬ ಆಕ್ಷೇಪವು ಪಂಡಿತರಿಂದ ಬರುವುದುಂಟು. ವೇದವೂ ಬಾಯಿಂದ ಬಾಯಿಗೆ ಬಂದುದಲ್ಲವೆ ಎಂದು ಸಮಾಧಾನ ಹೇಳಿದರೆ ಸಾಲದು. ವೇದದಲ್ಲಿ ಸ್ವರಾಕ್ಷರಗಳು ಕೂಡ ಕದಲವು, ಇಲ್ಲಿ ಸಾಲುಗಳೇ ಕದಲುತ್ತವೆ. ಸರಿಯಾದ ದೃಷ್ಟಾಂತ ಮಹಾಭಾರತ. ಪುಣೆಯ ಭಂಡಾರಕರ ಸಂಸ್ಥೆಯವರು 1919ರಲ್ಲಿ ಆರಂಭಿಸಿದ ಪರಿಷ್ಕರಣವು 1966ರಲ್ಲಿ ಮುಗಿಯಿತು. ಪಾಠಾಂತರಗಳ ಬಾಹುಳ್ಯದಿಂದ ಯಾರೂ ಭಾರತವನ್ನು ಅನಧ್ಯೇಯವೆಂದು ಬಿಡಲಿಲ್ಲ. ನೀಲಗಾರರ ಕಾವ್ಯದಲ್ಲಾದರೋ ಮೂಲಪಾಠವನ್ನು ಹುಡುಕುವುದೇ ಸಲ್ಲದು. ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹಾಡಿದರೆಂಬುದನ್ನು ಗುರುತಿಸಿ, ಒಂದೊಂದು ಗಾಯನವನ್ನೂ ಒಂದೊಂದು ಪಾಠವೆಂದೇ ಮನ್ನಿಸತಕ್ಕದ್ದು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅದರ ಜಾನಪದ ವಸ್ತುಸಂಗ್ರಹಾಲಯವು 1968ರಲ್ಲಿ ಏರ್ಪಟ್ಟಿತು. ಜಾನಪದದ ಸ್ನಾತಕೋತ್ತರ ತರಗತಿಗಳು 1970ರ ದಶಕದಲ್ಲಿ, ಜೀ. ಶಂ. ಪರಮಶಿವಯ್ಯನವರ ಪರಿಶ್ರಮದಿಂದ ನೆಲೆಗೊಂಡವು. ಮಂಟೇಸ್ವಾಮಿ ಮಹಾಕಾವ್ಯವು ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದಿಂದ 1997ರಲ್ಲಿ ಅಚ್ಚಾಯಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಆದರೆ ಜಾನಪದಕ್ಕೊಂದು ಬೇರೆ ಕೊಠಡಿಯನ್ನು ಕೊಟ್ಟುದರಿಂದ ಸಾಹಿತ್ಯದ ಕೊಠಡಿಯವರು ತಮ್ಮ ಹೊಣೆ ಕಳೆಯಿತೆಂದು ಭಾವಿಸುವ ಅಪಾಯವುಂಟು. ಬಸವಪುರಾಣವನ್ನು ಬೋಧಿಸುವವರೇ ಕಲ್ಯಾಣದ ಬಾಗಿಲ ಪ್ರಸಂಗವನ್ನೂ ಬೋಧಿಸಿದರೆ ಎರಡಕ್ಕೂ ಬೆಳಕು. ಹಾಡುವವರನ್ನು ಉತ್ಸವದ ಮೆರವಣಿಗೆಗೆ ಮಾತ್ರವಲ್ಲದೆ ಅರ್ಥವಿವರಣೆಗಾಗಿ ತರಗತಿಗೂ ಕರೆದು, ಅಧ್ಯಾಪಕರಿಗೆ ಸಲ್ಲುವ ಸಂಭಾವನೆಯನ್ನೇ ಸಲ್ಲಿಸಬೇಕು. ನೀಲಗಾರರ ಮನೆಯ ಹುಡುಗನೊಬ್ಬನು ಎಂ.ಎ. ತರಗತಿಯಲ್ಲಿ ಕುಳಿತಾಗ ತನ್ನ ತಂದೆಯ ವಿದ್ಯೆಯನ್ನು ಮರೆಮಾಚಬೇಕಾಗದಂತಿರುವುದು ಇದರಿಂದ ಸಾಧ್ಯ. ಚಿಕ್ಕಲ್ಲೂರಿನ ಜಾತ್ರೆ ಪುಷ್ಯದ ಹುಣ್ಣಿಮೆಗೆ ನೆರೆಯುತ್ತದೆ, ಕಪ್ಪಡಿಯದು ಶಿವರಾತ್ರಿಯ ಸುಮಾರಿಗೆ. ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಹೋಗಿ ಒಂದು ರಾತ್ರಿ ಕೇಳಿಬರಲು ಬೇರೆ ಏರ್ಪಾಡೇನೂ ಬೇಕಾಗಿಲ್ಲ.