ಟೆಲಿಫೋನ್ ಕಚೇರಿಯಿಂದ ಬೆಳ್ಳಿತೆರೆಗೆ

1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣುಮಕ್ಕಳೇ ಸಿಗಲಿಲ್ಲ. ಸಾಳುಂಕೆ ಎಂಬ ಯುವಕ ಸೀರೆಯುಟ್ಟು ನಿಂತ. ಸಿನಿಮಾಕ್ಕೆ ಹೋದವಳ ಮಾನ ಹೋಯಿತೆಂದು ನಂಬಿದ್ದ ಕಾಲವದು. ಆ ಕೊರತೆ ತುಂಬಲು ಮುಂದೆ ಬಂದವರಲ್ಲಿ ಆಂಗ್ಲೋ ಇಂಡಿಯನ್, ಯಹೂದಿ ಮನೆತನಗಳ ಯುವತಿಯರು ಬಹಳ. 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯಹೂದಿ ಹುಡುಗಿ ರೂಬಿ ಮೈಯರ್ಸ್ ಅವರಲ್ಲೊಬ್ಬರು.

ರೂಬಿ ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಕಂಪನಿಯ ಮೋಹನ್ ಭವನಾನಿ ಕರೆದಾಗ ಮೊದಲು ಒಲ್ಲೆ ಎಂದರು. ಭವನಾನಿ ಪಟ್ಟು ಬಿಡಲಿಲ್ಲ. ಹೀಗೆ ರೂಬಿ ತೆರೆಗೆ ಬಂದದ್ದು ‘ಸುಲೋಚನಾ’ ಎಂಬ ಹೆಸರಿನಲ್ಲಿ. ‘ಟೆಲಿಫೋನ್ ಗರ್ಲ್’, ‘ಟೈಪಿಸ್ಟ್ ಗರ್ಲ್’, ‘ಇಂದಿರಾ ಬಿ.ಎ.’ ಎಂಬ ಚಿತ್ರಗಳ ಹೆಸರುಗಳನ್ನೇ ನೋಡಿ: ಪುರಾಣದ ಸತಿಯರ ಪಕ್ಕದಲ್ಲಿ ದುಡಿಯುವ, ಓದಿದ ಹೆಣ್ಣು ಬಂದು ನಿಂತಿದ್ದಳು. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಂತೂ (1927) ಅವರದು ಎಂಟು ವೇಷ. ತೋಟದ ಮಾಲಿ, ಪೊಲೀಸ್, ಬೀದಿ ಹುಡುಗ, ಬಾಳೆಹಣ್ಣು ಮಾರುವ ಮುದುಕಿ, ಎಲ್ಲವೂ ಅವರೇ! ಮಾತಿನ ಆಸರೆಯಿಲ್ಲದೆ, ಬರೀ ಮೈ ಮತ್ತು ಕಣ್ಣಿನಿಂದ ಎಂಟು ಜನರಾಗುವುದು ಸಣ್ಣ ಕಸುಬಲ್ಲ. ಅವರನ್ನು ಬರೀ ಚೆಲುವೆಯೆಂದು ನೆನೆಯುವವರು ಇದನ್ನು ಮರೆಯುತ್ತಾರೆ.

1931ರ ಮಾರ್ಚ್ 14ರಂದು ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಿಡುಗಡೆಯಾಯಿತು. ಅದನ್ನು ತಯಾರಿಸಿದ್ದು ಸುಲೋಚನಾ ಆಗ ದುಡಿಯುತ್ತಿದ್ದ ಇಂಪೀರಿಯಲ್ ಕಂಪನಿಯೇ. ನಾಯಕಿ ಮಾತ್ರ ಜುಬೇದಾ. ಮೂಕಿಯ ದಿನಗಳಲ್ಲಿ ಯಾರೂ ಕೇಳದ ಪ್ರಶ್ನೆ ಈಗ ಎದುರಾಗಿತ್ತು: ಸುಲೋಚನಾಗೆ ಹಿಂದೂಸ್ತಾನಿ ಬರುತ್ತದೆಯೇ? ಬರುತ್ತಿದ್ದುದು ಅಷ್ಟಕ್ಕಷ್ಟೆ. ಇತರ ಹಲವು ತಾರೆಯರು ಅಲ್ಲಿಗೇ ಮರೆಯಾದರು. ಸುಲೋಚನಾ ನಟನೆಗೆ ಬಿಡುವು ಕೊಟ್ಟು ಭಾಷೆ ಕಲಿತರು. 1932ರಲ್ಲಿ, ತಮ್ಮದೇ ಮೂಕಿ ಚಿತ್ರ ‘ಮಾಧುರಿ’ಯ ಟಾಕಿ ರೂಪದಲ್ಲಿ ಮಾತನಾಡುತ್ತಾ ಮರಳಿದರು. ಅವರ ಎಂಟು ವೇಷಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಹಟ.

ಬದುಕಿನ ಏರಿಳಿತಕ್ಕೆ ‘ಅನಾರ್ಕಲಿ’ಯೇ ಸಾಕ್ಷಿ. 1928ರ ಮೂಕಿಯಲ್ಲಿ, 1935ರ ಟಾಕಿಯಲ್ಲಿ ಅವರೇ ಅನಾರ್ಕಲಿ. 1953ರಲ್ಲಿ ಬೀನಾ ರಾಯ್ ನಾಯಕಿಯಾದಾಗ ಇವರು ನಾಯಕ ಸಲೀಮನ ತಾಯಿ. ಚಿಕ್ಕ ಪಾತ್ರಗಳಿಗೂ ಅವರು ಬೇಸರಿಸಲಿಲ್ಲ, 1970ರ ದಶಕದಲ್ಲೂ ನಟಿಸುತ್ತಿದ್ದರು. 1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದಾಯಿತು. 1983ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಸುಲೋಚನಾ ಬೆಳಗಿದ ಆ ಮೂಕಿ ಯುಗವೂ ಬಹುಪಾಲು ಅಳಿದಿದೆ: ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇಂದು ಉಳಿದಿರುವುದು ಮೂವತ್ತರ ಆಸುಪಾಸು, ಅವುಗಳಲ್ಲೂ ಹಲವು ಬರೀ ತುಣುಕು. ಹಳೆಯ ರೀಲು, ಪೋಸ್ಟರ್, ಹಾಡಿನ ಪುಸ್ತಕ ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ.